ಚಾಕು ಮಾರಾಂವ ಬಂದ್ರ

ಬಸಗೊಂಡನ ಅಪ್ಪಾರ,

ಅಕ್ಕನ ಮೊಮ್ಮಗಳ ತೊಟ್ಟಿಲಕ್ಕ ಟಿಕೋಟಾಕ್ಕ ಹೊಂಟೇನಿ, ನಾಳೆ ಬರ್ತೇನಿ.

ಆ ಚಾಕು ಮಾರಾಂವ ಇವತ್ತ ಮತ್ತ ಬರ್ತಾನ. ವಿಲಾಯತಿ ಉಕ್ಕು ಅಂದ್ರ ನಂಬಬ್ಯಾಡ್ರಿ. ವಿಲಾಯತಿ ಹಡಗ ಬರೂದ ನಿಂತಿರೋ ಇಂಥಾ ಲಡಾಯಿದಾಗ ಇವಂಗ ಎಲ್ಲಿಂದ ಬಂತು? ಹೊಳಪು ನೋಡಬ್ಯಾಡ್ರಿ. ಹಣ್ಣ ಟಮಾಟಿ ಇಟ್ಟೇನಿ, ನಿಮ್ಮ ಕೈಲೆ ಕೊಯ್ದು ನೋಡ್ರಿ. ಜಜ್ಜಿದಂಗ ಆದ್ರ ತಿರುಗಿ ಕೊಡ್ರಿ. ಹಿಡಿಕಿ ಅಲ್ಲಾಡಿಸಿ ನೋಡ್ರಿ. ಒಂದು ಸಣ್ಣದು, ಒಂದು ದೊಡ್ಡದು ಸಾಕು.

"ಹಳೇ ಈಳಿಗಿ ಕೊಟ್ರ ಆರೂ ಚಾಕು ನಿಮ್ಮವು" ಅಂತ ಅವ ಅಂದಾಗ ನೀವು ಅಡಿಗಿಮನಿ ಕಡೆ ನೋಡಿದ್ದು ನಾ ನೋಡೇನಿ. ಅಷ್ಟು ಚಲೋ ಚಾಕು ಇದ್ರ ಅವಂಗ ಹಳೇ ಈಳಿಗಿ ಯಾಕ?

ಹುಡುಕಬ್ಯಾಡ್ರಿ. ನಮ್ಮವ್ವ ಕೊಟ್ಟ ಈಳಿಗಿ ನನ್ನ ಗಂಟಿನಾಗ ಐತಿ.

ರೊಟ್ಟಿ ಬುಟ್ಟ್ಯಾಗ ಅದಾವು. ಉಳ್ಳಾಗಡ್ಡಿ ಗುದ್ದಿ ತಿನ್ರಿ.

ಮುರಿಗೆವ್ವ