ತಡಗುಣಿ ಅಂತ ಬರೆದು ಬಂದೆ

ಅಜ್ಜೀ,

ಓದಲು ಬಾರದ ನಿನಗೆ ಕಾಗದ ಬರೆಯುತ್ತಿದ್ದೇನೆ, ನಗಬೇಡ. ಬೇರೆ ಯಾರಿಗೆ ಹೇಳಲಿ? ನನ್ನ ಕಾಲೇಜಿನ ಮಾತೆತ್ತಿದರೆ ಸಾಕು, ಅವ್ವ ತಲೆ ಹಿಡಿದುಕೊಂಡು ಕೂರುತ್ತಾಳೆ. ಪಿಯುಸಿ ಮುಗಿದರೆ ಮುಗಿಯಿತು ಅಂದುಕೊಂಡಿದ್ದೆ. ಅರ್ಜಿ ಹಾಕುವುದೇ ಇನ್ನೊಂದು ಓದು ಅಂತ ಯಾರು ಹೇಳಿದ್ದರು?

ಶಿವರಾತ್ರಿ ಕಳೆದ ವಾರ ನೀನು ಹೋದೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಲ್ಲಿ ಅರ್ಜಿ ಹಾಕಬೇಕಿತ್ತು, ಜಮೀನೋ ನಿನ್ನ ಹೆಸರಲ್ಲಿ. ನೀನಿದ್ದಿದ್ದರೆ ಒಂದು ಪಹಣಿಯಲ್ಲಿ ಆಗುತ್ತಿದ್ದ ಕೆಲಸಕ್ಕೆ ನಿನ್ನ ಮರಣಪತ್ರ, ವಂಶವೃಕ್ಷ, ಅದು ಇದು ಅಂತ ಕಿರುಗಾವಲಿನಿಂದ ಮಳವಳ್ಳಿಗೆ ಎಷ್ಟು ಸಲ ಬಸ್ಸು ಹತ್ತಿದೆವೋ. ಸಾಯಲು ನಿನಗೆ ಬೇರೆ ತಿಂಗಳು ಸಿಗಲಿಲ್ಲವೇ? ಕಚೇರಿಯ ಕಟ್ಟೆ ಮೇಲೆ ಕೂತು ನಿಜವಾಗಿಯೂ ಹಾಗೆ ಬೈದೆ. ಆಮೇಲೆ ಅಲ್ಲೇ ಅತ್ತುಬಿಟ್ಟೆ.

ನೆನಪಿದೆಯಾ, ಮೊರದ ಮುಂದೆ ಕೂತು ನನ್ನ ಕೈಗೆ ಕಾಳು ಸುರಿಯುತ್ತಿದ್ದುದು? "ಕಣ್ ಮುಚ್ಕೊಂಡ್ ಏಳ್ ಮಗಾ, ಇದ್ಯಾವ್ ಕಾಳು?" ನಾನು ಸಿಡುಕುತ್ತಿದ್ದೆ. "ಓದ್ಕೋಬೇಕು, ಬುಡಜ್ಜಿ." "ಓದ್ಕೊಳವ್ವ, ಯಾರ್ ಬ್ಯಾಡ ಅಂದೋರು? ಉಣ್ಣೋ ಕಾಳಿನ್ ಎಸ್ರು ಗೊತ್ತಿಲ್ದೆ ಅದೇನ್ ಓದ್ತೀಯೋ ಕಾಣೆ."

ಕೊನೆಗೆ ನನಗೆ ಅದೇ ಪರೀಕ್ಷೆ ಬಂತು. ಕೋಟಾಕ್ಕೆ ಅರ್ಜಿ ಹಾಕಿದವರು ತಟ್ಟೆಯಲ್ಲಿಟ್ಟ ಕಾಳು, ಗೊಬ್ಬರ, ಕಳೆ ನೋಡಿ ಹೆಸರು ಬರೆಯಬೇಕು. ರೈತರ ಮಕ್ಕಳೆಲ್ಲ ಮಂಡ್ಯದಲ್ಲಿ ಕೋಚಿಂಗ್ ಸೇರಿ, ಪ್ಲಾಸ್ಟಿಕ್ ಪೊಟ್ಟಣ ಹಿಡಿದು ರಾಗಿ ಯಾವುದು, ಸಾಸಿವೆ ಯಾವುದು ಅಂತ ಬಾಯಿಪಾಠ ಮಾಡಿದೆವು. ನೀನು ನೋಡಿದ್ದರೆ...

ಪರೀಕ್ಷೆಯ ದಿನ ಏಳನೇ ತಟ್ಟೆಯಲ್ಲಿ ನಿನ್ನ ಕಾಳಿತ್ತು. ಕಂದು ಮೈ, ಹೊಟ್ಟೆಯ ಮೇಲೆ ಬಿಳಿ ಕಣ್ಣು. ಯೋಚಿಸಲೇ ಇಲ್ಲ, ತಡಗುಣಿ ಅಂತ ಬರೆದು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಗೆಳತಿ ಸೌಮ್ಯ ಕೇಳಿದಳು, "ಅಲಸಂದೆ ಬರ್ದೆ ತಾನೆ?"

"ಅಲಸಂದೆ ಎಲ್ಲಿತ್ತು?"

"ಏಳ್ನೇ ತಟ್ಟೇಲಿ ಕಣಮ್ಮಿ. ತಡಗುಣಿ ಅಂತ ಬರ್ದ್ಯಾ? ಅದು ನಮ್ಮಟ್ಟಿ ಮಾತು. ಬುಕ್ಕಲ್ಲಿ ಎಲ್ಲದೆ?"

ಪಟ್ಟಿಯಲ್ಲಿ ಅಲಸಂದೆ ಅಂತ ಓದಿದ್ದೆ, ಯಾವುದೋ ಬೇರೆ ಸೀಮೆಯ ಕಾಳು ಅಂದುಕೊಂಡಿದ್ದೆ. ಕೋಚಿಂಗಿನಲ್ಲಿ ಆ ಪೊಟ್ಟಣ ತೋರಿಸಿದ ದಿನ ನಾನು ನಿನ್ನ ಮೂರು ತಿಂಗಳ ತಿಥಿಗೆಂದು ಮನೆಯಲ್ಲಿದ್ದೆ.

ಅವತ್ತು ಮನೆಗೆ ಬಂದವಳೇ ನಿನ್ನ ಮೊರವನ್ನು ಅಟ್ಟಕ್ಕೆ ಎಸೆದೆ. ಇಷ್ಟು ವರ್ಷ ತಪ್ಪು ಹೆಸರು ಕಲಿಸಿದೆಯಲ್ಲ ಅಂತ. ಒಂದು ಮಾರ್ಕ್ಸಿಗೆ ಎಷ್ಟು ಜನ ಮುಂದೆ ಹೋಗುತ್ತಾರೆ, ನಿನಗೇನು ಗೊತ್ತು? ಅಪ್ಪ, "ಸೀಟ್ ಸಿಗ್ದಿದ್ರೆ ಭಾರತೀನಗರದಲ್ಲಿ ಬೇರೆ ಡಿಗ್ರಿ ಸೇರ್ಕೊ, ಬುಡು" ಅಂದ. ಬಿಡುವುದು ಅಷ್ಟು ಸುಲಭವೇ? ಆದರೆ ಜಗಳಕ್ಕೂ ಶಕ್ತಿ ಇರಲಿಲ್ಲ, ಹೂಂ ಅಂದೆ.

ಹೋದ ತಿಂಗಳು ಮಾರ್ಕ್ಸು ಬಂತು. ಕಾಳಿನ ಪರೀಕ್ಷೆಯಲ್ಲಿ ಒಂದೂ ಕಳೆದಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ, ಅಷ್ಟೇ ಇತ್ತು. ತಿದ್ದಿದವರು ಯಾರೋ, ಅವರ ಮನೆಯಲ್ಲೂ ಒಬ್ಬಳು ಅಜ್ಜಿ ತಡಗುಣಿ ಅನ್ನುತ್ತಿದ್ದಿರಬೇಕು.

ನಿನ್ನೆ ಸೀಟೂ ಬಂತು, ಮಂಡ್ಯದಲ್ಲೇ. ಕುಣಿಯಬೇಕಿತ್ತು, ನಾನು ಮಧ್ಯಾಹ್ನವೆಲ್ಲ ಮಲಗಿಬಿಟ್ಟೆ, ಅಷ್ಟು ಸಾಕಾಗಿತ್ತು. ಎದ್ದು ನಿನ್ನ ಮೊರ ಇಳಿಸಿ ಒರೆಸಿ ಮೊದಲಿನ ಜಾಗದಲ್ಲೇ ಇಟ್ಟಿದ್ದೇನೆ. ಇನ್ನೊಂದು ಸಲ ಎಸೆಯುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದವಳು ನೀನು, ಬದುಕಿನಲ್ಲಿ ಬರೆದದ್ದು ಇದೊಂದೇ ಪರೀಕ್ಷೆ, ಅದೂ ನನ್ನ ಕೈಯಲ್ಲಿ. ಪಾಸಾದೆ ಕಣಜ್ಜಿ.

ನಿನ್ನ
ಚೈತ್ರ