ಡಬ್ಬಿಯ ಮುಚ್ಚಳ

ಬೆಂಗಳೂರು
೧೪ ನವೆಂಬರ್ ೨೦೨೪, ಗುರುವಾರ

ಮುನಿಸಿಕೊಂಡಿರುವ ನನ್ನ ಪ್ರೀತಿಯ ಅವ್ವನಿಗೆ,

ಹತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಓದದೆ ಒಲೆಗೆ ಹಾಕಿದರೆ ಇನ್ನೊಂದು ಬರೆಯುತ್ತೇನೆ. ಬರೆಯುವುದೇ ನನ್ನ ಹೊಟ್ಟೆಪಾಡು.

ಚಿಕ್ಕಮ್ಮನ ಮಗಳು ಮೇಘಶ್ರೀ ನಿನ್ನ ಮಾತು ಮುಟ್ಟಿಸಿದಳು: "ಶಂಕ್ರಮ್ಮುಂಗೆ ಭಾರೀ ಬೇಜಾರಾಗಿದ್ಯಂತೆ. ಟೀವೀಲಿ ಹಿಂಗೆ ಆಡ್ಕೊಳ್ಳೋದಾ?" ಒಪ್ಪಿದೆ. ನನ್ನ ಹಾಸ್ಯ ಧಾರಾವಾಹಿಯಲ್ಲಿ ಗಿಡ್ಡಮ್ಮ ಎಂಬ ಕೂಲಿ ಹೆಂಗಸು ಬುತ್ತಿ ಡಬ್ಬಿಯ ಮುಚ್ಚಳವನ್ನು ಮರೆಯಾಗಿ ಹಿಡಿದು ಚಟ್ನಿ ಅನ್ನ ಉಣ್ಣುತ್ತಾಳೆ. ಬಾಯಲ್ಲಿ ಮಾತ್ರ, "ಇವತ್ತು ಕೋಳಿ ಸಾರು ಮಾರಾಯ್ತಿ!" ಅದನ್ನು ನಾನು ಕದ್ದದ್ದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ನೀನು, ಶಂಕರಮ್ಮತ್ತೆ ಅಕ್ಕಪಕ್ಕ ಕೂತು ಬೀಜ ಆರಿಸುತ್ತಿದ್ದ ಮೇಜಿನಿಂದಲೇ. ಜನ ಬಿದ್ದು ಬಿದ್ದು ನಕ್ಕರು. ನಾನೂ ಬೀಗಿದೆ.

ನಗಿಸುವುದನ್ನು ನಾನು ಕಲಿತದ್ದೂ ಅಲ್ಲೇ, ರಜೆಯಲ್ಲಿ ಆ ಮೇಜಿನ ಕೆಳಗೆ ಕೂತು. ಕಪ್ಪು ಬೀಜ ಹೆಕ್ಕುತ್ತ ನೀವು ಮೇಸ್ತ್ರಿ ಗುರುವಯ್ಯನವರ ಕೆಮ್ಮನ್ನು ಅವರೆದುರೇ ಕೆಮ್ಮುತ್ತಿದ್ದಿರಿ. ಅವರೇ ಮೊದಲು ನಗುತ್ತಿದ್ದರು. ನಿಮ್ಮದು ಒಂದೇ ಕಟ್ಟಳೆ. ಯಾರನ್ನು ಅಣಕಿಸಿದರೂ ಅವರು ಎದುರಿಗಿರಬೇಕು, ಅವರು ನಗದಿದ್ದರೆ ಅದನ್ನು ಮತ್ತೆ ಆಡುವಂತಿಲ್ಲ. ಆ ಕಟ್ಟಳೆಯನ್ನು ನಾನು ಮುರಿದೆ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಭಾನುವಾರ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಬರುತ್ತೇನೆ. ಶಂಕರಮ್ಮತ್ತೆಯನ್ನು ಮನೆಗೆ ಕರೆದಿರು. ಅವರೆದುರು ಗಿಡ್ಡಮ್ಮನನ್ನು ಪೂರ್ತಿ ಆಡಿ ತೋರಿಸುತ್ತೇನೆ. ನಗದಿದ್ದರೆ ಗಿಡ್ಡಮ್ಮ ಇನ್ನು ಟೀವಿಯಲ್ಲಿ ಕಾಣುವುದಿಲ್ಲ. ಇದನ್ನು ಹೇಳಿದಾಗ ನಿರ್ಮಾಪಕ ರುದ್ರೇಶ್ ಅವರು, "ಅವಳಿಲ್ಲ ಅಂದ್ರೆ ನೀವೂ ಇಲ್ಲ" ಎಂದರು. ಎಂಟು ವರ್ಷ ಬೇರೆಯವರ ಹೆಸರಿನಲ್ಲಿ ಬರೆದು, ಈಗಷ್ಟೇ ನನ್ನ ಹೆಸರು ಪರದೆ ಮೇಲೆ ಬರುತ್ತಿದೆ ಅವ್ವ. ತುಂಬಾ ಸಂಕಟವಾಯಿತು. ಆದರೂ ಆಗಲಿ ಎಂದುಬಿಟ್ಟೆ.

ನೀನು ಬಾಗಿಲು ಹಾಕಿಕೊಂಡರೆ ಜಗಲಿಯಲ್ಲೇ ಆಡುತ್ತೇನೆ. ಬೀದಿಯವರೆಲ್ಲ ನೋಡಲಿ.

ನಿನ್ನಷ್ಟೇ ಹಟದ ಮಗಳು,
ಅರುಣಾ

ತಾ.ಕ.: ಆ ಕಂತು ಬಂದ ಮರುದಿನವೇ ಶಂಕರಮ್ಮತ್ತೆ ಫೋನ್ ಮಾಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಥೇಟ್ ನಿಮ್ಮವ್ವನೇ ಮಾರಾಯ್ತಿ" ಅಂದರು. ಮುಚ್ಚಳ ನಿನ್ನದೇ ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಮನೆಯಲ್ಲಿರುತ್ತಿದ್ದ ಒಂದೇ ಮೊಟ್ಟೆ ದಿನವೂ ನನ್ನ ಶಾಲೆಯ ಡಬ್ಬಿಗೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಬರೆಯದೆ ಬಿಟ್ಟೆ. ತಪ್ಪಾಯಿತು ಅವ್ವ. ಭಾನುವಾರ ಶಂಕರಮ್ಮತ್ತೆಯನ್ನು ಕರೆಯದಿದ್ದರೂ ನಡೆಯುತ್ತದೆ. ಎದುರಿಗೆ ನೀನು ಕೂತರೆ ಸಾಕು.