ನೀವು ಅಲ್ಲಗಳೆಯದ ಸಾಕ್ಷಿ

ಗುಬ್ಬಿ
೧೧-೩-೧೯೮೪, ಭಾನುವಾರ

ಪಂಚಾಕ್ಷರಿಯ ತಂದೆಯವರಿಗೆ ಉಮಾಮಹೇಶ್ವರಿ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಎರಡು ಕಾಗದ ಹರಿದು ಹಾಕಿದೆ. ಕ್ಷೇಮವಾಗಿಲ್ಲ. ಆರೂವರೆ ವರ್ಷದಿಂದ ಒಂದು ಸಾಲೂ ಬರೆಯದವಳು ಈಗ ಯಾಕೆ ಬರೆಯುತ್ತಿದ್ದಾಳೆಂದು ನಿಮಗೆ ಅನ್ನಿಸಬಹುದು. ಓದದೆ ಎತ್ತಿಡಬೇಡಿ.

ಗುರುವಾರ ಉಪ್ಪಾರಹಳ್ಳಿಯ ಕದರಮ್ಮ ಬಂದಿದ್ದರು. ತುಮಕೂರಿನ ನಮ್ಮ ಪಕ್ಕದ ಮನೆಯವರು, ಅವರೇ. ಇಲ್ಲಿ ಅವರ ತಂಗಿಯ ಮೊಮ್ಮಗುವಿಗೆ ನಾಮಕರಣವಂತೆ, ಹಾಗೇ ನನ್ನನ್ನೂ ನೋಡಿಕೊಂಡು ಹೋಗೋಣವೆಂದು ಬಂದರು. ಕಾಫಿ ಕೊಟ್ಟೆ. ಮಾತಿಗೆ ಮಾತು ಬಂದು ನಿಮ್ಮ ವಿಷಯವೂ ಬಂತು. ನಾನು ಎಂದಿನಂತೆ ಅಂದೆ: ದೇವರನ್ನು ಕೆಣಕಿದರು, ದೇವರು ತೋರಿಸಿಕೊಟ್ಟ, ಇನ್ನೇನಿದೆ. ಕದರಮ್ಮ ಲೋಟ ಕೆಳಗಿಟ್ಟು ಅಳುವುದಕ್ಕೇ ಶುರುಮಾಡಿದರು. "ಸಾಕು ಬುಡವ್ವ ಉಮವ್ವ. ನಂಗೂ ವಯಸ್ಸಾಯ್ತು, ಇದನ್ನ ಹೊಟ್ಟೇಲಿ ಇಟ್ಕೊಂಡು ಸಾಯಕ್ಕಾಗಲ್ಲ" ಅಂದರು.

ಅವರು ಹೇಳಿದ್ದನ್ನು ಬರೆಯುವ ಮೊದಲು ನಾನು ಇಷ್ಟು ವರ್ಷ ಎಲ್ಲರಿಗೂ ಏನು ಹೇಳಿಕೊಂಡು ಬಂದೆನೆಂದು ಬರೆಯಬೇಕು. ಅದು ಸುತ್ತಿ ಬಳಸಿ ನಿಮ್ಮ ಕಿವಿಗೂ ಬಿದ್ದೇ ಇರುತ್ತದೆ. ಆದರೂ ನನ್ನ ಕೈಯಲ್ಲೇ ಬರೆದಿರಲಿ.

ಎಪ್ಪತ್ತೇಳನೇ ಇಸವಿ, ಆಗಸ್ಟ್ ಹದಿನೈದು, ಶ್ರಾವಣದ ಮೊದಲ ಸೋಮವಾರ. ಕುಣಿಗಲ್ಲಿನಲ್ಲಿ ಯುವಕ ಸಂಘದವರು ಬಾವುಟ ಹಾರಿಸಿ, ಸಂಜೆಗೆ 'ದೇವರಿದ್ದಾನೆಯೇ?' ಎಂದು ಚರ್ಚೆ ಇಟ್ಟುಕೊಂಡಿದ್ದರು. ಇಲ್ಲ ಎನ್ನುವ ಪಕ್ಷಕ್ಕೆ ನಿಮ್ಮನ್ನು ಕರೆದಿದ್ದರು. ನಾಲ್ಕೂವರೆಗೆ ನೀವು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ದೇವರೆಂಬುವನು ಇದ್ದರೆ ಐದು ನಿಮಿಷದೊಳಗೆ ನನಗೆ ಏನು ಬೇಕಾದರೂ ಮಾಡಲಿ, ಕಾಯುತ್ತೇನೆ ಎಂದಿರಿ. ಐದು ನಿಮಿಷವಾಯಿತು. ಹುಡುಗರು ಚಪ್ಪಾಳೆ ತಟ್ಟಿದರು. ನೀವು ಬಸ್ಸು ಹತ್ತಿ ತುಮಕೂರಿಗೆ ಬಂದಿರಿ. ಮನೆಯ ಮುಂದೆ ಜನ ಸೇರಿದ್ದರು. ಮೂರು ವರ್ಷದ ನಮ್ಮ ಪಂಚಿಯನ್ನು ಹಿತ್ತಲ ನೀರಿನ ತೊಟ್ಟಿಯಿಂದ ಎತ್ತಿ, ಆಸ್ಪತ್ರೆಗೆ ಒಯ್ದು, ಮನೆಗೆ ತಂದು ಮಲಗಿಸಿದ್ದರು.

ನಿಮ್ಮ ಜೊತೆ ಬಂದಿದ್ದ ವೆಂಕಟರಂಗಯ್ಯ ಮೇಷ್ಟ್ರು ಗಡಿಯಾರದ ಸಂಗತಿ ಹೇಳಿ ತಲೆ ತಲೆ ಚಚ್ಚಿಕೊಂಡರು. ಅದು ಕಿವಿಗೆ ಬಿದ್ದದ್ದೇ ನಾನು ನಿಮ್ಮ ಅಂಗಿ ಹಿಡಿದು ಕೂಗಿದೆ: "ನೀವೇ ಕರೆದ್ರಿ, ಬಂದ!" ನೀವು ಬಾಯಿ ತೆರೆದಿರಿ, ಮತ್ತೆ ಮುಚ್ಚಿದಿರಿ. ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ ಮಾತಾಡಲಿಲ್ಲ. ತಪ್ಪು ಒಪ್ಪಿಕೊಂಡಿರಿ ಎಂದೇ ತಿಳಿದೆ. ಮಗುವನ್ನು ಮಣ್ಣು ಮಾಡಿ ಹನ್ನೆರಡನೆಯ ದಿನ ಅಪ್ಪನ ಜೊತೆ ಗುಬ್ಬಿಗೆ ಬಂದುಬಿಟ್ಟೆ.

ಆಮೇಲೆ ಆ ಕಥೆ ಬೆಳೆಯಿತು. ನಾನು ಮುಚ್ಚಿದ್ದ ತೊಟ್ಟಿಯ ಮುಚ್ಚಳ ಸರಿಯಾಗಿ ನಾಲ್ಕೂವರೆಗೆ ತಾನೇ ತಾನಾಗಿ ಸರಿಯಿತು ಎಂದು ಜನ ಹೇಳಿದರು. ಗೂಳೂರಿನಲ್ಲಿ ಪುರಾಣ ಹೇಳುವವರೊಬ್ಬರು, ದೇವರಿದ್ದಾನೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ನಮ್ಮ ಪಂಚಿಯ ಸಾವನ್ನು ಉದಾಹರಣೆ ಕೊಟ್ಟರಂತೆ. ನಿಮ್ಮ ಕಾಲೇಜಿನ ಕಪ್ಪು ಹಲಗೆಯ ಮೇಲೆ ಯಾರೋ 'ಮಗನನ್ನು ತಿಂದ ಮೇಷ್ಟ್ರು' ಎಂದು ಬರೆದರೆಂದೂ, ನೀವು ಅದನ್ನು ಅಳಿಸಿ ಪಾಠ ಶುರುಮಾಡಿದಿರೆಂದೂ ಕೇಳಿದೆ. ಕೇಳಿ ನನಗೆ ಸಮಾಧಾನವಾಯಿತು. ಸುಳ್ಳು ಬರೆಯುವುದಿಲ್ಲ, ಆಯಿತು.

ಈಗ ಕದರಮ್ಮ ಹೇಳಿದ್ದು.

ಅವತ್ತು ಹನ್ನೆರಡೂವರೆಗೆ ಅವರು ಬಟ್ಟೆ ಒಣಹಾಕುತ್ತ ಗೋಡೆಯಾಚೆ ನೋಡಿದರಂತೆ. ನಮ್ಮ ತೊಟ್ಟಿಯ ತಗಡಿನ ಮುಚ್ಚಳ ಗೋಡೆಗೆ ಒರಗಿತ್ತು. ಪೂಜೆಗೆ ನೀರು ಸೇದುತ್ತಿರಬೇಕು ಎಂದುಕೊಂಡು ಒಳಗೆ ಹೋದರು. ನಾನು ಉಪವಾಸವಿದ್ದೆ, ಮಗುವಿಗೆ ಊಟ ಮಾಡಿಸಿ ಪಕ್ಕದಲ್ಲಿ ಮಲಗಿಸಿಕೊಂಡವಳಿಗೆ ಜೊಂಪು ಹತ್ತಿತು. ಎದ್ದಾಗ ಮಗು ಇರಲಿಲ್ಲ, ಕದರಮ್ಮನ ಮನೆಗೆ ಆಡಲು ಹೋಗಿದೆ ಎಂದುಕೊಂಡೆ. ಅವರು ನಮ್ಮಲ್ಲೇ ಇದೆ ಎಂದುಕೊಂಡಿದ್ದರು. ಐದಕ್ಕೆ ಅವರೇ ನೋಡಿ ಎತ್ತಿದ್ದು. ಮಗು ಹೋಗಿ ಎರಡು ಮೂರು ಗಂಟೆ ಆಗಿದೆ ಎಂದು ಆಸ್ಪತ್ರೆಯ ಡಾಕ್ಟರು ಅವರಿಗೆ ಹೇಳಿದರಂತೆ. ಮಾರನೆಯ ದಿನ ನೀವೂ ಹೋಗಿ ಕೇಳಿ ತಿಳಿದುಕೊಂಡಿರಂತೆ.

ಅಂದರೆ ಕುಣಿಗಲ್ಲಿನಲ್ಲಿ ನೀವು ಗಡಿಯಾರ ಬಿಚ್ಚುವ ಹೊತ್ತಿಗೆ ನಮ್ಮ ಮಗು ಆಗಲೇ ಇರಲಿಲ್ಲ.

ಕದರಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಆಸ್ಪತ್ರೆಯಿಂದ ಬಂದ ನಿಮಗೆ ಅವರು ಅಂದರಂತೆ: "ಹಂಗಾರೆ ಉಮವ್ವ ನಿಮ್ಮನ್ನ ಬೈಯೋದು ತೆಪ್ಪಲ್ವಾ ಮೇಷ್ಟ್ರೇ? ಹೇಳ್ಬುಡಿ." ಅದಕ್ಕೆ ನೀವು, "ಗಡಿಯಾರದ್ದಲ್ಲ ಅಂದ್ರೆ ಮುಂದಿನ ಪ್ರಶ್ನೆ ಮುಚ್ಚಳ ತೆಗೆದಿಟ್ಟವರು ಯಾರು ಅಂತ. ಆ ಪ್ರಶ್ನೆ ಅವಳ ಹತ್ರ ಹೋಗ್ಬಾರ್ದು. ದೇವರು ಮಾಡ್ದ ಅಂದ್ಕೊಂಡ್ರೆ ಬದುಕ್ಕೋತಾಳೆ. ಹಂಗೇ ಇರ್ಲಿ" ಎಂದಿರಂತೆ. ಯಾರಿಗೂ ಹೇಳಕೂಡದೆಂದು ಅವರಿಂದ ಆಣೆ ಹಾಕಿಸಿಕೊಂಡಿರಿ, ಅದೂ ದೇವರ ಮೇಲೆ. ಯಾವ ದೇವರ ಮೇಲೆ ಎಂದು ಅವರು ಕೇಳಿದ್ದಕ್ಕೆ, "ನಿಮ್ಮದು ಯಾವ್ದಾದ್ರೂ ಸರಿ" ಎಂದಿರಂತೆ.

ಇದನ್ನು ಬರೆಯುವಾಗ ಅಕ್ಷರ ಕಾಣಿಸುತ್ತಿಲ್ಲ.

ಮದುವೆಯಾದ ಹೊಸತರಲ್ಲಿ ನೀವೂ ಅಪ್ಪನೂ ಇದೇ ಜಗಲಿಯ ಮೇಲೆ ಕೂತು ಎಷ್ಟು ವಾದ ಮಾಡುತ್ತಿದ್ದಿರಿ! ಮಡಕೆ ಇದ್ದಮೇಲೆ ಕುಂಬಾರ ಬೇಡವೇ ಅಳಿಯಂದ್ರೇ, ಎಂದು ಅಪ್ಪ. ಆ ಕುಂಬಾರನಿಗೂ ಒಬ್ಬ ಅಪ್ಪ ಇದ್ದನಲ್ಲ ಮಾವ, ನಿಮ್ಮ ದೇವರ ಅಪ್ಪ ಯಾರು, ಎಂದು ನೀವು. ಹಿಂದೆ ಹಿಂದೆ ಹೋಗುತ್ತಿದ್ದರೆ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ ಎಂದು ಅವರು ಹೇಳಿದರೆ, ನಿಲ್ಲುವುದಾದರೆ ಜಗತ್ತಿನಲ್ಲೇ ನಿಲ್ಲೋಣ, ಇನ್ನೊಂದು ಹೆಜ್ಜೆ ಯಾಕೆ ಎನ್ನುತ್ತಿದ್ದಿರಿ. ಒಂದು ದಿನ ಅಪ್ಪ, ಎಲ್ಲಕ್ಕಿಂತ ಶ್ರೇಷ್ಠವಾದದ್ದು ಎಂದು ಮನಸ್ಸು ಒಪ್ಪಿದ ಮೇಲೆ ಅದು ಇಲ್ಲದೆ ಹೇಗಿದ್ದೀತು, ಇಲ್ಲದ್ದು ಶ್ರೇಷ್ಠವಾಗುತ್ತದೆಯೇ ಎಂದರು. ಹಾಗಾದರೆ ಎಲ್ಲಕ್ಕಿಂತ ಶ್ರೇಷ್ಠವಾದ ಹೋಳಿಗೆಯನ್ನು ನೆನೆಸಿಕೊಳ್ಳುತ್ತೇನೆ, ತಟ್ಟೆಗೆ ಬರಲಿ ನೋಡೋಣ ಎಂದಿರಿ ನೀವು. ನಾನು ಒಳಗಿನಿಂದ ಬಂದು ಹೋಳಿಗೆ ಬಡಿಸಿದೆ. "ಬಂತಲ್ಲ!" ಎಂದು ಅಪ್ಪ ಬಿದ್ದು ಬಿದ್ದು ನಕ್ಕರು. ನೀವೂ ನಕ್ಕಿರಿ.

ನಿಟ್ಟೂರಿನಲ್ಲಿ ಹಾಲುಗೂಸೊಂದು ಜ್ವರದಿಂದ ಸತ್ತಾಗ ಮಾತ್ರ ಯಾರೂ ನಗಲಿಲ್ಲ. ಅವನ ಉದ್ದೇಶ ನಮಗೆ ತಿಳಿಯೋದಿಲ್ಲ ಎಂದರು ಅಪ್ಪ. "ತಿಳಿಯೋದಿಲ್ಲ ಅಂದ್ಮೇಲೆ ಅವನು ಒಳ್ಳೆಯವನು ಅನ್ನೋದು ಮಾತ್ರ ಹೇಗೆ ತಿಳೀತು ಮಾವ?" ಎಂದು ನೀವು ಮೆಲ್ಲಗೆ ಕೇಳಿದಿರಿ.

ಅದೇ ಪ್ರಶ್ನೆಯನ್ನು ನೀವು ನನಗೂ ಕೇಳಬಹುದಾಗಿತ್ತು. ತಂದೆ ಆಡಿದ ಮಾತಿಗೆ ಮಗುವನ್ನು ಕೊಲ್ಲುವವನು ಎಂಥ ದೇವರು ಎಂದು ಒಂದೇ ಒಂದು ಸಲ ಕೇಳಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು. ಪ್ರಪಂಚದ ಎಲ್ಲ ಸಾಕ್ಷಿಗಳಿಗೂ ತಕರಾರು ಎತ್ತಿದವರು ನನ್ನ ಈ ಒಂದು ಹುಳುಕು ಸಾಕ್ಷಿಗೆ ಎತ್ತಲಿಲ್ಲ. ಊರೆಲ್ಲ ಉಗಿದರೂ ನಿಂತು ಉಗಿಸಿಕೊಂಡಿರಿ. ಮುಚ್ಚಳ ಮುಚ್ಚಿದ್ದೇನೆಂದೇ ನಾನು ನಂಬಿದ್ದೆ. ಎರಡು ಕೈಯಲ್ಲೂ ಬಿಂದಿಗೆ ಇದ್ದವು, ಮರೆತಿರಬೇಕು.

ನಿನ್ನೆ ಬೆಳಗ್ಗೆ ಅಪ್ಪನಿಗೆ ಹೇಳಿದೆ. ಮಠದಿಂದ ಆಗತಾನೆ ಬಂದು ಕೂತಿದ್ದರು. ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಚಿಟ್ಟರು. ಆಮೇಲೆ, "ಕೂಸನ್ನ ಕೊಂದವನೇ ದೇವರು ಅಂತ ಇಷ್ಟು ವರ್ಷ ಸಾರಿದ್ನಲ್ಲ ಉಮಾ. ಅಳಿಯಂದ್ರು ದೇವರಿಲ್ಲ ಅಂದ್ರು, ಅಷ್ಟೇ. ನಾನು ದೇವರಿಗೆ ಕೊಲೆಗಾರ ಅನ್ನೋ ಹೆಸರು ಕೊಟ್ಟೆ" ಎಂದರು. ಎದ್ದು ದೇವರ ಮನೆಗೆ ಹೋದರು. ಪೂಜೆ ಮಾಡಲಿಲ್ಲ, ಸುಮ್ಮನೆ ಕೂತಿದ್ದರು. ಇವತ್ತು ಗೂಳೂರಿಗೆ ಹೋಗಿದ್ದಾರೆ, ಪುರಾಣ ಹೇಳುವವರಿಗೆ ಈ ಕಥೆ ಬಿಡಿ ಎಂದು ಹೇಳುವುದಕ್ಕೆ.

ದೀಪ ಹಚ್ಚುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲವೇನೋ. ಆದರೆ ಯಾರ ಮುಂದೆ ಹಚ್ಚುತ್ತಿದ್ದೇನೆ ಎಂದು ಮೊದಲ ಸಲ ಕೇಳಿಕೊಂಡೆ.

ಶುಕ್ರವಾರ ಬೆಳಗಿನ ರೈಲಿಗೆ ತುಮಕೂರಿಗೆ ಬರುತ್ತೇನೆ. ಕಾಲೇಜಿಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಮನೆಯಲ್ಲಿರಿ. ಇರುವುದಕ್ಕೆ ಆಗುವುದಿಲ್ಲವೆಂದರೆ ಕದರಮ್ಮನ ಹತ್ತಿರ ಹೇಳಿ ಹೋಗಿ. ಹಿಂದಿರುಗುತ್ತೇನೆ, ತಪ್ಪು ತಿಳಿಯುವುದಿಲ್ಲ.

ಇಂತು,
ಉಮಾ

ತಾ.ಕ.: ಕಾಗದ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮುಚ್ಚಳ ಮುಚ್ಚಿದ್ದೇನೆಂದು ನಂಬಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಆ ಸಂಜೆ ನೀವು ಕುಣಿಗಲ್ಲಿನಿಂದ ಬರುವ ಮೊದಲೇ, ಹೆಂಗಸರ ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದೆ. ಗೋಡೆಗೆ ಒರಗಿದ್ದ ಮುಚ್ಚಳವನ್ನು ತಂದು ತೊಟ್ಟಿಯ ಬಾಯಿಗೆ ಅರ್ಧ ಸರಿದಂತೆ ಇಟ್ಟವಳು ನಾನೇ. ಗುರುವಾರ ನನ್ನ ಎದೆ ಒಡೆದದ್ದು ಮುಚ್ಚಳ ತೆಗೆದಿಟ್ಟದ್ದನ್ನು ಕದರಮ್ಮ ನೋಡಿದ್ದರೆಂದಲ್ಲ, ಮುಚ್ಚದೆ ಹೋದವಳು ನಾನೆಂದು ನಿಮಗೆ ಗೊತ್ತಿತ್ತು ಎಂದು.